ಮೊಣಕಾಲೂರಿದ ಮೋಜಣಿದಾರ

ಭೀಮಶಿ ಕಾಕಾರ ನಡಿಗೆಯನ್ನು ನಮ್ಮೂರಲ್ಲಿ ಯಾರೂ ನಡಿಗೆ ಎನ್ನುವುದಿಲ್ಲ, ಮೋಜಣಿ ಎನ್ನುತ್ತಾರೆ. ಹೊಲ ಅಳೆದು ಮೇರೆ ಗುರುತಿಸುವ ಮೋಜಣಿದಾರರಾಗಿ ಮೂವತ್ತೆಂಟು ವರ್ಷ ನವಲಗುಂದ ಸೀಮೆಯ ಎರೆನೆಲವನ್ನೆಲ್ಲ ತುಳಿದು ಬಂದವರು ಅವರು. ನಿವೃತ್ತರಾಗಿ ಹದಿನೆಂಟು ವರ್ಷವಾದರೂ ಆ ಸುದ್ದಿ ಅವರ ಕಾಲುಗಳಿಗೆ ಇನ್ನೂ ಮುಟ್ಟಿಲ್ಲ. ಹೆಜ್ಜೆ ಹೆಜ್ಜೆಗೂ ಬರೋಬ್ಬರಿ ಎರಡೂವರೆ ಅಡಿ. ಸೆಟೆದ ಬೆನ್ನು, ಬಿಸಿಲಿಗೆ ಬಣ್ಣ ಕಳೆದುಕೊಂಡ ಖಾಕಿ ಕೋಟು, ಸದ್ದಿಲ್ಲದೆ ಅಲುಗುವ ತುಟಿಗಳಲ್ಲಿ ಮುಗಿಯದ ಎಣಿಕೆ. ಒಮ್ಮೆ ನಮ್ಮ ಓಣಿಯ ಹಿರಿಯರೊಬ್ಬರ ಅಂತ್ಯಯಾತ್ರೆಯಲ್ಲಿ ನಾನು ಅವರ ಪಕ್ಕದಲ್ಲೇ ಇದ್ದೆ. ಎಲ್ಲರೂ ಭಜನೆಯ ಪದ ಹಾಡುತ್ತಿದ್ದರೆ ಕಾಕಾ ಎಣಿಸುತ್ತಿದ್ದರು. ಮಣ್ಣು ಕೊಟ್ಟು ಕೈ ತೊಳೆಯುವಾಗ ನನ್ನ ಕಿವಿಯ ಹತ್ತಿರ ಬಂದು, "ನಾವು ಅನ್ಕೊಂಡಷ್ಟ ದೂರ ಇಲ್ಲ ಮಾಸ್ತರ, ಎಂಟನೂರಾ ನಾಲ್ವತ್ತ ಹೆಜ್ಜಿ," ಎಂದರು. ಅಂದಿನಿಂದ ಆ ದಾರಿ ಹಿಡಿದಾಗಲೆಲ್ಲ ನನಗೂ ಎಣಿಕೆ ಶುರುವಾಗುತ್ತದೆ.

ಬಾಗುವುದು ಅವರ ಜಾಯಮಾನವೇ ಅಲ್ಲ. ಹೊಲದ ಮೇರೆಗೆ ನೆಡುವ ಕಲ್ಲಿಗೆ ನಮ್ಮಲ್ಲಿ ಬಾಂದಗಲ್ಲು ಎನ್ನುತ್ತೇವೆ. ಕಾಕಾ ನೆಟ್ಟ ಬಾಂದಗಲ್ಲನ್ನು ಸರಿಸುವ ಎದೆಗಾರಿಕೆ ಯಾವ ಗೌಡನಿಗೂ ಇರಲಿಲ್ಲ. ಯಾರೋ ಒಬ್ಬ ರೈತ ಎರಡು ಮೊಳ ನೆಲಕ್ಕಾಗಿ ಅವರ ಕಾಲಿಗೆ ಬಿದ್ದನಂತೆ. "ಕಾಲ ಹಿಡದರ ಕಲ್ಲ ಸರಿಯಂಗಿಲ್ಲೋ ತಮ್ಮಾ," ಎಂದು ಅವನನ್ನು ಎಬ್ಬಿಸಿ, ಕೋಟಿನ ಧೂಳು ಕೊಡವಿಕೊಂಡು ಮುಂದಿನ ಹೊಲಕ್ಕೆ ಹೋದರಂತೆ. ಇಂಥ ಮನುಷ್ಯನಿಗೆ ವಯಸ್ಸೂ ಒಂದು ನೆಪ ಕೊಟ್ಟಿತ್ತು. ಎಪ್ಪತ್ತೆಂಟರ ಮೊಣಕಾಲುಗಳು ಸವೆದು, ಊಟಕ್ಕೆ ಕುರ್ಚಿ ಬಂತು, ದೇವರಿಗೆ ಕೈಮುಗಿಯುವುದೂ ನಿಂತೇ ಆಯಿತು. ನಾನಂತೂ ಅವರನ್ನು ಬೆನ್ನ ಹಿಂದೆ 'ಬಾಂದಗಲ್ಲು' ಎಂದೇ ಕರೆಯುತ್ತಿದ್ದೆ. ಮಾಸ್ತರಿಕೆಯಿಂದ ನಿವೃತ್ತನಾದವನಿಗೆ ಅಡ್ಡಹೆಸರು ಇಡುವುದೊಂದೇ ಉಳಿದ ಉದ್ಯೋಗ.

ಈ ಕಲ್ಲಿನ ಮಡಿಲಲ್ಲಿ ಒಂದು ಬೆಕ್ಕಿತ್ತು. ನಿವೃತ್ತಿಯ ದಿನ ಕಚೇರಿಯಲ್ಲಿ ಹಾರ ಹಾಕಿ ಶಾಲು ಹೊದಿಸಿ ಕಳಿಸಿದರೆ, ಕಾಕಾ ಮನೆಗೆ ಬಂದು ಕೋಟಿನ ಕಿಸೆಯಿಂದ ಅಂಗೈಯಗಲದ ಬೂದುಬಣ್ಣದ ಮರಿಯೊಂದನ್ನು ತೆಗೆದು ನೆಲಕ್ಕಿಟ್ಟರು. ಕಚೇರಿಯ ಹಳೆಯ ಕಾಗದಪತ್ರಗಳ ದಪ್ತರದ ಗಂಟುಗಳ ನಡುವೆ ಹುಟ್ಟಿದ್ದು, ತಾಯಿ ಬಿಟ್ಟುಹೋದದ್ದು. ಅದಕ್ಕೆ ದಪ್ತರಿ ಎಂದೇ ಹೆಸರಾಯಿತು. "ಮಂದಿ ರಿಟಾಯರ್ ಆದ್ರ ಉಂಗುರ ತರತಾರ, ನೀವು ಬೆಕ್ಕ ತಂದೀರಲ್ರಿ," ಎಂದು ಹೆಂಡತಿ ಮೈಲಾರವ್ವ ಹಣೆ ಬಡಿದುಕೊಂಡರಂತೆ. ಬಡಿದುಕೊಂಡ ಕೈಯಿಂದಲೇ ಮರಿಗೆ ಹಾಲನ್ನೂ ಹಾಕಿದರು. ಹದಿನೆಂಟು ವರ್ಷ ಆ ಮಾಳಿಗೆಮನೆಯ ಜೋಳದ ಚೀಲಗಳಿಗೆ ಇಲಿಯ ಹಲ್ಲು ತಾಗಲಿಲ್ಲ.

ಬೆಕ್ಕಿಗೆ ಹದಿನೆಂಟೆಂದರೆ ನಮ್ಮ ಲೆಕ್ಕದಲ್ಲಿ ತೊಂಬತ್ತರ ಹತ್ತಿರ. ಮೊದಲು ಅದು ಮಂಚಕ್ಕೆ ಜಿಗಿಯುವುದನ್ನು ಬಿಟ್ಟಿತು, ಆಮೇಲೆ ಬೆನ್ನಿನ ಎಲುಬು ಕೈಗೆ ಸಿಗತೊಡಗಿತು, ಕುಡಿದಷ್ಟೂ ನೀರಡಿಕೆ ಹೆಚ್ಚಾಯಿತು. ಕಳೆದ ಶ್ರಾವಣದಲ್ಲಿ ಒಂದೇ ವಾರದೊಳಗೆ ಎರಡೂ ಕಣ್ಣಿನ ಪಾಪೆಗಳು ಅಗಲವಾಗಿ, ಕಪ್ಪಾಗಿ, ಬೆಳಕಿಗೆ ಅಲುಗದೆ ನಿಂತುಬಿಟ್ಟವು. ಕಾಕಾ ಅದನ್ನು ಬುಟ್ಟಿಯಲ್ಲಿಟ್ಟುಕೊಂಡು ಬಸ್ಸಿನಲ್ಲಿ ಹುಬ್ಬಳ್ಳಿಗೆ ಒಯ್ದರು. ಮೂತ್ರಪಿಂಡ ಸೋತಿದೆ, ರಕ್ತದೊತ್ತಡ ಏರಿ ಕಣ್ಣು ಹೋಗಿವೆ, ಮರಳಿ ಬರುವುದಿಲ್ಲ ಎಂದು ಡಾಕ್ಟರು ಬಿಡಿಸಿ ಹೇಳಿದರು. ಜೊತೆಗೆ ಎರಡು ಮಾತು: "ಮನ್ಯಾಗ ಯಾವ ಸಾಮಾನೂ ಸರಸಬ್ಯಾಡ್ರಿ, ಅಕಿ ಇನ್ನ ನೆನಪಿನ ಮ್ಯಾಲ ಅಡ್ಡಾಡತಾಳ. ತಾನಾಗೇ ಹೋಗಿ ನೀರು ಕುಡಿಯೂತನಕ ಕಾಳಜಿ ಬ್ಯಾಡ. ಅದನ್ನ ಬಿಟ್ಟಳಂದ್ರ ಭಾಳ ದಿನ ತಡಿಯಂಗಿಲ್ಲ."

ಸರಿಸಬೇಡಿ ಎಂಬ ಮಾತನ್ನು ಮೋಜಣಿದಾರನಿಗೆ ಎರಡನೆಯ ಸಲ ಹೇಳಬೇಕಿಲ್ಲ. ಮನೆಗೆ ಬಂದವರೇ ಶಾಸನ ಹೊರಡಿಸಿದರು. ದಪ್ತರಿಯ ದಾರಿ ಹೀಗಿತ್ತು: ಪಡಸಾಲೆಯ ಮಂಚದ ಕೆಳಗೆ ಕೌದಿಯ ಹಾಸಿಗೆ, ಅಲ್ಲಿಂದ ನೇರ ಕಂಬ, ಕಂಬಕ್ಕೆ ತಿರುಗಿದರೆ ಬೀಸುಕಲ್ಲು, ಬೀಸುಕಲ್ಲು ದಾಟಿದರೆ ಅಡಿಗೆಮನೆಯ ಹೊಸ್ತಿಲು, ಹೊಸ್ತಿಲಾಚೆ ಮರಿಗೆ ಎಂಬ ನೀರಿನ ಕಲ್ಲುಬಾನಿ. ಈ ದಾರಿಯಲ್ಲಿ ಒಂದು ಚಪ್ಪಲಿಯೂ ಬೀಳಕೂಡದು. ಮೊಮ್ಮಕ್ಕಳ ಪಾಟಿಚೀಲ ಬಿದ್ದಿದ್ದರೆ ಅದು ಅಂಗಳದಲ್ಲಿರುತ್ತಿತ್ತು. ಕುರುಡು ಬೆಕ್ಕು ಆ ದಾರಿಯಲ್ಲಿ ಹೋಗುವುದನ್ನು ನಾನೇ ನೋಡಿದ್ದೇನೆ. ಕಂಬದ ಹತ್ತಿರ ಒಂದು ಗಳಿಗೆ ನಿಂತು, ಕೆನ್ನೆ ತಾಗಿಸಿ, ತಿರುಗಿ, ಗೌರವಸ್ಥ ಮುದುಕಿಯೊಬ್ಬಳು ಗುಡಿಯ ಪ್ರದಕ್ಷಿಣೆಗೆ ಹೊರಟಂತೆ ಸಾವಕಾಶವಾಗಿ ಹೋಗಿ ನೀರು ಕುಡಿದು ಬರುತ್ತಿತ್ತು. ಕಾಕಾ ಕುರ್ಚಿಯಲ್ಲಿ ಕೂತು ಅದನ್ನೇ ನೋಡುತ್ತಿದ್ದರು. ಅದು ಮರಳಿ ಹಾಸಿಗೆ ಸೇರುವವರೆಗೆ ಅವರ ಕಣ್ಣು ಬೇರೆಡೆ ಹೊರಳುತ್ತಿರಲಿಲ್ಲ.

ಅಷ್ಟರಲ್ಲಿ ನವರಾತ್ರಿಯ ಮಾನವಮಿ ಹಬ್ಬ ಬಂತು. ಘಟ ಕೂಡ್ರಿಸುವ ಮುಂಚೆ ನಮ್ಮ ಕಡೆ ಮನೆಯೊಳಗಿನದೆಲ್ಲ ಹೊರಗೆ ಬರಬೇಕು. ಗೋಡೆಗೆ ಸುಣ್ಣ, ನೆಲಕ್ಕೆ ನೀರು, ಕೌದಿ ಜಮಖಾನೆಗಳಿಗೆ ಹಳ್ಳದ ದಾರಿ. ದೇವರ ಕೆಲಸ, ಬಿಡುವಂತಿಲ್ಲ. ಬೆಕ್ಕಿನ ದಾರಿ, ಕೆಡಿಸುವಂತಿಲ್ಲ. ಸೊಸೆ ಮಂಜುಳಾ ಪೇಚಿಗೆ ಬಿದ್ದಳು. ಪೇಚು ಬಿಡಿಸಿದವರು ಸ್ವತಃ ಕಾಕಾ. ಸೀಮೆಸುಣ್ಣ ತೆಗೆದುಕೊಂಡು, ಬಗ್ಗಲಾಗದೆ ಮಂಜುಳಾಳ ಕೈಯಿಂದಲೇ ಮಂಚದ ನಾಲ್ಕು ಕಾಲು, ಬೀಸುಕಲ್ಲು, ಮರಿಗೆ, ಎಲ್ಲದರ ಸುತ್ತ ಗೆರೆ ಎಳೆಸಿದರು. ಟೇಪು ಹಿಡಿದು ಗೋಡೆಯಿಂದ ಎಷ್ಟೆಷ್ಟು ಅಂತರವೆಂದು ಚೀಟಿಯಲ್ಲಿ ಬರೆದರು. "ತೊಳದ ಮ್ಯಾಲ ಇದರ ಪ್ರಕಾರ ಇಡು. ಒಂದ ಬಟ್ಟೂ ಆಚೀಚೆ ಆಗಬಾರದು," ಎಂದು ಹೇಳಿ, ಬೆಕ್ಕಿನ ಗುಳಿಗೆ ತರಲು ಮರುದಿನ ಮುಂಜಾನೆ ಹುಬ್ಬಳ್ಳಿ ಬಸ್ಸು ಹತ್ತಿದರು.

ಸಂಜೆ ಮರಳಿದಾಗ ಮನೆ ಫಳಫಳ ಹೊಳೆಯುತ್ತಿತ್ತು. ಸುಣ್ಣದ ಘಮ, ಫಿನಾಯಿಲಿನ ಘಾಟು, ಹಳ್ಳದ ಬಿಸಿಲು ಕುಡಿದು ಬಂದ ಕೌದಿಗಳು. ಎಲ್ಲವೂ ತನ್ನ ತನ್ನ ಜಾಗದಲ್ಲಿತ್ತು. ಪಡಸಾಲೆಯ ನಟ್ಟನಡುವೆ ದಪ್ತರಿ ನಿಂತಿತ್ತು. ಒಂದು ಕಾಲು ಮುಂದಿಡುತ್ತಿತ್ತು, ಹಿಂದಕ್ಕೆಳೆಯುತ್ತಿತ್ತು, ಮೂಗನ್ನೆತ್ತಿ ಗಾಳಿ ಹಿಡಿಯುತ್ತಿತ್ತು, ಆಮೇಲೆ ಸಣ್ಣ ದನಿಯಲ್ಲಿ ಒಂದೇ ಸಮನೆ ಕೂಗುತ್ತಿತ್ತು. ಹದಿನೆಂಟು ವರ್ಷ ಬಾಳಿದ ಮನೆಯಲ್ಲಿ ಅದು ದಾರಿ ತಪ್ಪಿತ್ತು. ಕಾಕಾ ಕೋಟನ್ನೂ ಬಿಚ್ಚದೆ ಟೇಪು ತರಿಸಿ ಒಂದೊಂದನ್ನೂ ಅಳೆಸಿದರು. ಮಂಜುಳಾಳ ತಪ್ಪು ಎಳ್ಳಷ್ಟೂ ಇರಲಿಲ್ಲ.

"ನೀವು ಹೇಳಿದಾಂಗ ಇಟ್ಟೇನ್ರಿ ಮಾವಾರ," ಎಂದು ಅವಳು ಅಳತೊಡಗಿದಳು.

"ನೀ ಯಾಕ ಅಳತೀ ಬೇ," ಎಂದರು ಕಾಕಾ. "ಅಳತಿ ಎಲ್ಲಾ ಬರೋಬ್ಬರಿ ಐತಿ. ಮನೀನ ಇಲ್ಲ."

ಅಲ್ಲಿಂದ ಮೂರು ದಿನ ಆ ಮನೆಯಲ್ಲಿ ಘಟದ ದೀಪವೊಂದು ಉರಿಯುತ್ತಿತ್ತು ಎಂಬುದನ್ನು ಬಿಟ್ಟರೆ ಹಬ್ಬದ ಕಳೆ ಇರಲಿಲ್ಲ. ಎತ್ತಿ ಒಯ್ದು ಮರಿಗೆಯ ಮುಂದೆ ಬಿಟ್ಟರೆ ದಪ್ತರಿ ಎಲ್ಲಿದ್ದೇನೆಂದು ತಿಳಿಯದೆ ನಡುಗಿ, ನೀರಿಗೆ ಬೆನ್ನು ತಿರುಗಿಸಿ ಮುದುಡಿ ಕೂರುತ್ತಿತ್ತು. ಮೈಲಾರವ್ವ ಚಮಚೆಯಿಂದ ಹನಿಹನಿಯಾಗಿ ಬಾಯಿಗೆ ಬಿಡುತ್ತಿದ್ದರು, ಅರ್ಧ ಹೊರಗೇ ಹೋಗುತ್ತಿತ್ತು. ಡಾಕ್ಟರ ಮಾತು ಎಲ್ಲರಿಗೂ ನೆನಪಿತ್ತು.

ನಾಲ್ಕನೆಯ ದಿನ ಕಾಕಾ ಬ್ಲೇಡಿನಿಂದ ಗುಳಿಗೆಯನ್ನು ನಾಲ್ಕು ಪಾಲು ಮಾಡುವಾಗ ಒಂದು ಚೂರು ಸಿಡಿದು ಕಂಬದ ಬುಡಕ್ಕೆ ಉರುಳಿತು. ಪಡಸಾಲೆಯಲ್ಲಿ ಬೇರಾರೂ ಇರಲಿಲ್ಲ. ಎಷ್ಟೋ ವರ್ಷದ ಮೇಲೆ ಅವರು ಮಂಚದ ಅಂಚು ಹಿಡಿದು, ನರಳುತ್ತ, ಮೊಣಕಾಲೂರಿ ನೆಲಕ್ಕಿಳಿದರು. ಗುಳಿಗೆ ಹುಡುಕುವ ಕಣ್ಣಿಗೆ ಕಂಬದ ಬಿರುಕಿನಲ್ಲಿ ಬೇರೆಯೇ ಒಂದು ಕಂಡಿತು: ನೆಲದಿಂದ ಗೇಣೆತ್ತರದಲ್ಲಿ, ಕುಂಚ ತಲುಪದ ಜಾಗದಲ್ಲಿ, ಎಣ್ಣೆ ಹಿಡಿದಂಥ ಕಂದು ಕಲೆ. ಬೆರಳಿಂದ ಮುಟ್ಟಿ ಮೂಸಿದರು. ದಪ್ತರಿಯ ಕೆನ್ನೆಯ ವಾಸನೆ! ಮಂಜುಳಾಳನ್ನು ಕೂಗಿ ಕರೆದು, ಇಂಥ ಕಲೆ ಬೇರೆಲ್ಲಿ ಇದ್ದವೆಂದು ಕೇಳಿದರು. "ಎಲ್ಲಾ ಕಡೆ ಇದ್ದೂರಿ. ಬೀಸುಕಲ್ಲಿಗೆ, ಹೊಸ್ತಿಲಕ್ಕ, ಮಂಚದ ಕಾಲಿಗೆ. ಹೊಲಸಂತ ತಿಕ್ಕಿ ತಿಕ್ಕಿ ತೊಳದೇನ್ರಿ," ಎಂದಳು ಅವಳು. ಕಾಕಾ ಆ ಕಲೆಯ ಮೇಲೆ ಮತ್ತೆ ಬೆರಳಾಡಿಸಿದರಂತೆ. ಆಮೇಲೆ ಮೆಲ್ಲಗೆ, "ಅವು ಅಕಿ ನೆಟ್ಟ ಕಲ್ಲ ಬೇ ಮಂಜುಳಾ. ಎಲ್ಲಾ ನಾ ಕಿತ್ತಿಸಿಬಿಟ್ಟೆ," ಎಂದರಂತೆ.

ಹದಿನೆಂಟು ವರ್ಷ ತಮ್ಮ ಕಾಲ ಬುಡದಲ್ಲೇ, ಕೆನ್ನೆ ಉಜ್ಜಿ ವಾಸನೆಯಿಂದ ದಾರಿ ಗುರುತಿಸುವ ಇನ್ನೊಂದು ಮೋಜಣಿ ನಡೆದಿತ್ತೆಂಬುದು ಆ ಮನುಷ್ಯನನ್ನು ಬೆರಗಿನಿಂದ ಕಟ್ಟಿಹಾಕಿತು. ನಾನು ಹೋದಾಗ ಅವರು ಪಡಸಾಲೆಯಲ್ಲಿ ನಾಲ್ಕು ಕಾಲಿನ ಮೇಲಿದ್ದರು. ಕೈಯಲ್ಲೊಂದು ಬಟ್ಟೆಯ ಚೂರು. ಅದರಿಂದ ಬೆಕ್ಕಿನ ಕೆನ್ನೆಯನ್ನು, ಬಾಯಂಚನ್ನು ಮೃದುವಾಗಿ ಒರೆಸುವರು, ಹಾಗೇ ತೆವಳಿ ಹೋಗಿ ಕಂಬಕ್ಕೆ ಉಜ್ಜುವರು, ಮತ್ತೆ ಬಂದು ಒರೆಸುವರು, ಬೀಸುಕಲ್ಲಿಗೆ ಉಜ್ಜುವರು. ನನ್ನ ನಾಲಗೆ ಸುಮ್ಮನಿರುವುದಲ್ಲ. "ಏನ್ರಿ ಕಾಕಾ, ಬೆಕ್ಕಿನ ಮೋಜಣಿ ನಡದೈತೇನು?" ಎಂದೆ. ಅವರು ತಲೆಯೆತ್ತದೆ, "ಹೌದ ಮಾಸ್ತರ. ಅಕಿ ಮೋಜಣಿದಾರಳು, ನಾ ಅಳತಿ ಸರಪಳಿ ಹಿಡಿಯಾಂವ," ಎಂದರು. ಹಾಸ್ಯಕ್ಕೆ ಹಾಸ್ಯವಾಗಿ ಬಂದ ಮಾತೆಂದು ನಗಲು ಹೋದೆ. ಅವರ ಮುಖದಲ್ಲಿ ಹಾಸ್ಯವಿರಲಿಲ್ಲ.

ದಿನಕ್ಕೆ ಆರು ಸಲ, ಎಂಟು ಸಲ. ಹಚ್ಚುವುದಾದ ಮೇಲೆ ಕಲಿಸುವುದು. ಬೆಕ್ಕಿನ ಮುಂದೆ ಬೆಕ್ಕಿನೆತ್ತರಕ್ಕೆ ತಲೆ ತಗ್ಗಿಸಿ, ನೆಲವನ್ನು ಬೆರಳಿಂದ ಕೆರೆಯುತ್ತ, ಒಂದೊಂದು ಗೇಣು ಹಿಂದಕ್ಕೆ ಸರಿಯುವರು. ಅದು ಸದ್ದು ಹಿಡಿದು ಒಂದು ಹೆಜ್ಜೆ ಬಂದರೆ ನಿಲ್ಲುವರು. ಹೆದರಿ ಕೂತರೆ ತಾವೂ ಕೂರುವರು. ಮೊಣಕಾಲು ಬಾತು ಕುಂಬಳದಂತಾದವು. "ನನ್ನ ಮೊಣಕಾಲ ನೋವಿಗೆ ಮುಲಾಮ ತಂದ ಕೊಟ್ಟಾರ್ರಿ ಮಾಸ್ತರ, ಬೆಕ್ಕಿಗೆ ಮೊಣಕಾಲನ ಕೊಟ್ಟಾರ," ಎಂದು ಮೈಲಾರವ್ವ ಛೇಡಿಸಿದರು. ರಾತ್ರಿ ಅದೇ ಮುಲಾಮನ್ನು ಗಂಡನ ಮೊಣಕಾಲಿಗೆ ತಿಕ್ಕುತ್ತಿದ್ದವರೂ ಅವರೇ. ನನಗೆ ನನ್ನ ಮೇಲೇ ನಾಚಿಕೆ ಹುಟ್ಟಿದ್ದು ಆಗ. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವನು ನಾನು, ಒಬ್ಬ ದಡ್ಡ ಹುಡುಗನಿಗಾದರೂ ಹೀಗೆ ಅವನ ಎತ್ತರಕ್ಕೆ ಇಳಿದದ್ದುಂಟೇ?

ಹತ್ತನೆಯ ದಿನ ಬನ್ನಿ. ಸಂಜೆ ಊರಿಗೆ ಊರೇ ಬನ್ನಿಯ ಎಲೆ ಹಿಡಿದು ಹಿರಿಯರ ಮನೆಮನೆಗೆ ಹೋಗುವ ಹೊತ್ತು. ನಾವೊಂದು ಹದಿನೈದು ಮಂದಿ ಕಾಕಾರ ಮನೆಯ ಹೊಸ್ತಿಲಿಗೆ ಬಂದೆವು. "ಬನ್ನಿ ತಗೊಂಡ ಬಂಗಾರದಂಗ ಇರೂಣು" ಎಂಬ ಮಾತು ಬಾಯಿಗೆ ಬರುವಷ್ಟರಲ್ಲಿ, ಕಂಬದಾಚೆ ಮೊಣಕಾಲೂರಿದ್ದ ಕಾಕಾ ಒಂದು ಕೈ ಮೇಲೆತ್ತಿದರು. ನಾವು ನಿಂತಲ್ಲೇ ನಿಂತೆವು. ಅವರು ಬೆರಳು ಕೆರೆಯುತ್ತಿರಲಿಲ್ಲ, ಕರೆಯುತ್ತಲೂ ಇರಲಿಲ್ಲ. ಮಂಚದ ಕೆಳಗಿನಿಂದ ದಪ್ತರಿ ತಾನಾಗಿಯೇ ಎದ್ದು ಬರುತ್ತಿತ್ತು.

ಎಲುಬುಗೂಡಿನಂಥ ಮೈ, ನಡುಗುವ ಹಿಂಗಾಲು, ಏನನ್ನೂ ಕಾಣದ ಕಪ್ಪು ಕಣ್ಣು. ಕಂಬಕ್ಕೆ ಬಂತು, ಕೆನ್ನೆ ತಾಗಿಸಿತು, ತಿರುಗಿತು. ಬೀಸುಕಲ್ಲಿನ ಹತ್ತಿರ ನಿಂತದ್ದು ಎಷ್ಟೋ ಹೊತ್ತು ಕದಲಲಿಲ್ಲ. ಬಾಗಿಲಿಗೆ ಬಂದು ನನ್ನ ಪಕ್ಕದಲ್ಲೇ ನಿಂತಿದ್ದ ಮಂಜುಳಾ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದಿದ್ದಳು, ಅದು ಅವಳಿಗೂ ಗೊತ್ತಿರಲಿಲ್ಲ. ಕಾಕಾ ಅಂಗೈ ದೂರದಲ್ಲಿದ್ದರು. ಒಂದು ಸಲ ಮುಟ್ಟಿ ನೂಕಿದ್ದರೆ ಹೋಗುತ್ತಿತ್ತು, ಮುಟ್ಟಲಿಲ್ಲ. ಬೆಕ್ಕು ಕಲ್ಲಿಗೆ ಮೂಗು ಹಚ್ಚಿತು, ಕೆನ್ನೆ ಹಚ್ಚಿತು, ಮತ್ತೆ ನಡೆಯಿತು. ಹೊಸ್ತಿಲು ಏರಿತು, ಇಳಿಯಿತು. ಅಡಿಗೆಮನೆಯ ಅರೆಬೆಳಕಿನಿಂದ ನೀರು ನೆಕ್ಕುವ ಚಪಚಪ ಸದ್ದು ಕೇಳಿಬಂತು. ಹದಿನೈದು ಮಂದಿ ಉಸಿರು ಬಿಗಿಹಿಡಿದು ಒಂದು ಬೆಕ್ಕು ನೀರು ಕುಡಿಯುವುದನ್ನು ಆಲಿಸುತ್ತ ನಿಂತಿದ್ದೆವು. ಅದಕ್ಕಿಂತ ದೊಡ್ಡ ಹಬ್ಬವನ್ನು ನಾನು ಕಂಡಿಲ್ಲ.

ಆಮೇಲೆ ಬನ್ನಿ ಕೊಟ್ಟು ನಮಸ್ಕರಿಸಲು ಹೋದರೆ ಕಾಕಾರ ಪಾದಗಳೇ ಸಿಗಲಿಲ್ಲ. ಮೊಣಕಾಲೂರಿದವರ ಪಾದ ಬೆನ್ನ ಹಿಂದಿರುತ್ತದೆ. ನಾವೆಲ್ಲ ಒಬ್ಬೊಬ್ಬರಾಗಿ ಅವರ ಹಿಂದೆ ಹೋಗಿ, ಧೂಳು ಮೆತ್ತಿದ ಆ ಅಂಗಾಲುಗಳನ್ನು ಮುಟ್ಟಿ ಕಣ್ಣಿಗೊತ್ತಿಕೊಂಡೆವು. ಅವರಿಗೆ ನಮ್ಮ ಪರಿವೆ ಇರಲಿಲ್ಲ.

ದಪ್ತರಿ ಅಲ್ಲಿಂದ ಐವತ್ತು ದಿನ ಬದುಕಿತು, ಐವತ್ತು ದಿನವೂ ತನ್ನ ಕಾಲಿನಿಂದಲೇ ಹೋಗಿ ನೀರು ಕುಡಿಯಿತು. ಛಟ್ಟಿ ಅಮಾವಾಸ್ಯೆಯ ಮುಂಜಾನೆ ಮರಳಿ ಬರುವಾಗ ಬೀಸುಕಲ್ಲಿಗೆ ಒರಗಿ ಮಲಗಿದ್ದು ಏಳಲಿಲ್ಲ. ಕಾಕಾ ಎತ್ತಿಕೊಂಡಾಗ ಗದ್ದದ ರೋಮ ಇನ್ನೂ ತೊಯ್ದಿತ್ತಂತೆ. ಅವರು ಅತ್ತರು, ಮರೆಮಾಚದೆ ಅತ್ತರು. ವಾರದ ಮೇಲೆ ಕಟ್ಟೆಯ ಮೇಲೆ ಕೂತಾಗ ನನಗೆ ಹೇಳಿದ್ದು ಇಷ್ಟು: "ಎಪ್ಪತ್ತೆಂಟಕ್ಕ ಕಲಿಸಿ ಹೋದ್ಳು ಮಾಸ್ತರ. ನೌಕರಿ ಸೇರೋಕಿಂತ ಮೊದಲ ಕಲತಿದ್ರ, ಎಷ್ಟೋ ಮಂದಿ ಹೊಲದಾಗ ಅಳಿಯೂದಕ್ಕಿಂತ ಮೊದಲ, ನಿಮ್ಮ ಗುರ್ತು ಯಾವವು ಅಂತ ಒಂದ ಮಾತ ಕೇಳತಿದ್ದೆ."

ಮೆತ್ತಗಿನವರು, ದಯಾಳುಗಳು, ಕಂಡದ್ದಕ್ಕೆಲ್ಲ ಕರಗುವವರು ನಮ್ಮಲ್ಲಿ ಸಾಕಷ್ಟಿದ್ದಾರೆ. ಅವರಿಂದ ಲೋಕ ಸುಖವಾಗಿಯೂ ಇದೆ. ಆದರೆ ತಾನು ಜೀವಮಾನವಿಡೀ ನಂಬಿದ ವಿದ್ಯೆಯಲ್ಲಿ ಒಂದು ಕೊರತೆಯಿದೆಯೆಂದು ಮುಪ್ಪಿನಲ್ಲಿ ಕಂಡಾಗ, ಅದನ್ನು ಮುಚ್ಚಿಡದೆ, ಯಾರ ತಲೆಗೂ ಕಟ್ಟದೆ, ಒಂದು ಮೂಕಪ್ರಾಣಿಯ ಮುಂದೆ ಶಿಷ್ಯನಾಗಿ ಕೂರುವವರು ಬೇರೆಯದೇ ಮಣ್ಣಿನವರು. ಸೆಟೆದ ಬೆನ್ನು, ಬಿಗಿದ ತುಟಿ ನೋಡಿ ನಾವು ಅವರನ್ನು ಕಲ್ಲೆಂದುಕೊಳ್ಳುತ್ತೇವೆ. ಅಂಥವರು ಬಾಗುವುದು ಜನ್ಮಕ್ಕೊಂದು ಸಲ, ಬಾಗಿದರೆ ನೆಲ ಮುಟ್ಟುವವರೆಗೆ.