ಬೂದಿ ಹಾಕಿದ ಸೊಪ್ಪು

ಆವತ್ತು ಯಾಕೆ ತಲೆಯಾಡಿಸಿದೆ ಎನ್ನುವುದನ್ನು ಭಾವನಾ ತನ್ನ ಡೈರಿಗೂ ಹೇಳಿರಲಿಲ್ಲ. ಯಾರಾದರೂ ಏನಾದರೂ ಕೇಳಿದರೆ ಮಾತು ಬೇಗ ಮುಗಿಯಲಿ ಎಂದು ಹೂಂ ಅಂದುಬಿಡುವುದು ಅವಳ ಹಳೆಯ ಚಾಳಿ. ಬಾಗಲೂರಿನಾಚೆಯ ಈ ಕಸ ಸುಡುವ ಘಟಕಕ್ಕೆ ಸೇರಿದ ವಾರವೇ, ಅಂಗಳ ಗುಡಿಸುವ ಮುನಿವೆಂಕಟಮ್ಮ ಕಟ್ಟಡದ ಹಿಂದಿನ ಬೂದಿಗುಡ್ಡೆ ತೋರಿಸಿ, "ಸೊಪ್ಪಿನ ಮಡಿಗೆ ಒಸಿ ಆಕ್ಕಳ್ಳಲೇನವ್ವ? ಉಳ ಬೀಳಲ್ಲ" ಎಂದಿದ್ದಳು. ಫೋನಿನಿಂದ ಕಣ್ಣೆತ್ತದೆ ಭಾವನಾ ತಲೆಯಾಡಿಸಿದ್ದಳು. ಅದು ಸೌದೆ ಒಲೆಯ ಬೂದಿಯಲ್ಲ, ಊರಿನ ಕಸದ ಬೂದಿ. ಅದರಲ್ಲಿ ಸೀಸದಂಥ ವಿಷ ಎಷ್ಟಿದೆ ಎಂದು ಅಳೆಯುವುದೇ ಅವಳ ಕೆಲಸ. ನಾಳೆ ಹೇಳಿದರಾಯಿತು ಅಂದುಕೊಂಡಳು. ದಿನ ಹೋದಷ್ಟೂ ಬಾಯಿ ಕಟ್ಟಿತು.

ಈಗ ಮುನಿವೆಂಕಟಮ್ಮ ಅವಳ ಮೇಜಿನ ಮೇಲೆ ದಂಟಿನ ಸೊಪ್ಪಿನ ಕಟ್ಟು ಇಟ್ಟಳು.

"ನೀನ್ ಊಂ ಅಂದ್ಯಲ್ಲ, ಅದೇ ಬೂದಿ ಆಕಿದ್ದು. ಒಂದ್ ತೂತಿಲ್ಲ ನೋಡು. ಬಸುರಿ ಸೊಸೆಗೆ ದಿನಾ ಇದ್ರದ್ದೇ ಸಾರು, ರಕ್ತ ಆಗ್ಲಿ ಅಂತ. ನೀನೂ ತಿನ್ನು, ಒಣಗಿದ್ ನುಗ್ಗೇಕಾಯಂಗಿದೀಯ."

ಬಸುರಿ ಎಂಬ ಮಾತು ಕಿವಿಗೆ ಬಿದ್ದದ್ದೇ ಭಾವನಾ ಕಟ್ಟನ್ನು ಪಕ್ಕಕ್ಕೆ ಸರಿಸಿದಳು. ಬಾಯಿ ತೆರೆದಳು. "ಥ್ಯಾಂಕ್ಸ್ ಅಜ್ಜಿ" ಎಂದಷ್ಟೇ ಬಂತು.

ಅದೇ ದಿನದ ಮೀಟಿಂಗಿನಲ್ಲಿ ಮ್ಯಾನೇಜರ್ ನಾಗಭೂಷಣ ಅವಳ ವರದಿ ತಿರುವುತ್ತಿದ್ದರು. ಹೊಗೆಯಿಂದ ಸೋಸಿದ ನುಣುಪು ಬೂದಿಯನ್ನು ಸಿಮೆಂಟಿನಲ್ಲಿ ಕಲಸಿ ಗಟ್ಟಿ ಮಾಡಿ, ನೀರಿಳಿಯದ ಗುಂಡಿಯಲ್ಲಿ ಮುಚ್ಚಬೇಕು. ಕಸ ಸುಡುವ ಕುಲುಮೆಯ ತಳದ ದಪ್ಪ ಬೂದಿಯನ್ನು ಮಾತ್ರ ಹದ ಮಾಡಿ, ಪರೀಕ್ಷೆಯಲ್ಲಿ ಪಾಸಾದರೆ ರಸ್ತೆಯ ಅಡಿಪಾಯಕ್ಕೆ ಬಳಸಬಹುದು ಎಂದು ಬರೆದಿದ್ದಳು.

"ಚೆನ್ನಾಗ್ ಬರ್ದಿದೀರ ಕಣಮ್ಮ. ಆದ್ರೆ ಮುಂದಿನ್ ವರ್ಷ ನೋಡಣ. ಅಲ್ಲೀವರ್ಗೂ ಟಾರ್ಪಾಲ್ ಹೊದ್ಸಿ ಹಿಂದೆ ಬಿದ್ದಿರ್ಲಿ."

"ಬೂದಿ ಏನ್ ಎದ್ದು ಓಡೋಗತ್ತಾ ಸರ್" ಎಂದ ಎಂಜಿನಿಯರ್ ನಿರಂಜನ.

"ಅಲ್ವೇನ್ರೀ ಮತ್ತೆ. ಯಾರಾದ್ರೂ ತಿಂತಾರಾ ಅದನ್ನ?"

ಇಬ್ಬರೂ ನಕ್ಕರು. ಟೀ ಲೋಟ ಇಡುತ್ತಿದ್ದ ಮುನಿವೆಂಕಟಮ್ಮನೂ, ಯಾವುದಕ್ಕೆ ನಗುತ್ತಿದ್ದಾರೆಂದು ತಿಳಿಯದಿದ್ದರೂ, ಸೆರಗು ಬಾಯಿಗಿಟ್ಟು ನಕ್ಕಳು.

ಭಾವನಾ ಎದ್ದು ನಿಂತಳು. ಕುರ್ಚಿ ಕಿರುಗುಟ್ಟಿತು. ನಾಗಭೂಷಣ ತಲೆಯೆತ್ತಿ ನೋಡಿದರು, ಅವಳು ಅವರ ಕಡೆ ನೋಡಲಿಲ್ಲ.

"ಅಜ್ಜಿ."

ಮುನಿವೆಂಕಟಮ್ಮನ ನಗು ಇನ್ನೂ ಮುಖದಲ್ಲೇ ಇತ್ತು. ಸಕ್ಕರೆ ಕಮ್ಮಿಯಾಯಿತೇನೋ ಎಂದು ಭಾವನಾಳ ಲೋಟಕ್ಕೆ ಕೈ ಚಾಚಿದಳು.

"ಆ ಬೂದೀಲಿ ವಿಷ ಇದೆ. ಸೊಸೆಗೆ ಆ ಸೊಪ್ಪು ಕೊಡ್ಬೇಡಿ. ಗೊತ್ತಿದ್ದೂ ನಾನು ಹೂಂ ಅಂದೆ."