ಜಮಖಾನೆ ಬಳಗ

ನಾನು ನವಲಗುಂದದ ಜಮಖಾನೆ. ಗೋಡೆಗೆ ಆನಿಸಿ ನಿಲ್ಲಿಸಿದ ಮಗ್ಗದ ಮೇಲೆ ಮೆಹಬೂಬಿ ಎಂಬ ಹೆಣ್ಣುಮಗಳು ನನ್ನನ್ನು ನೇಯ್ದಳು. ಒಂದೊಂದು ಎಳೆಯನ್ನೂ ಹಣಿಗೆಯಿಂದ ಬಡಿದು ಕೂರಿಸಿ, ನಡುವೆ ಜೋಡಿ ನವಿಲುಗಳನ್ನು ಮೂಡಿಸಿದಳು. ನನ್ನನ್ನು ಕೊಂಡವಳು ಗದಿಗೆವ್ವ. ಎಂ.ಎ. ಓದಲು ವಿಶ್ವವಿದ್ಯಾಲಯಕ್ಕೆ ಹೊರಟಿದ್ದ ಮಗ ಚನ್ನವೀರನ ಹೆಗಲಿಗೆ ನನ್ನನ್ನು ಏರಿಸಿದಳು.

ಚನ್ನವೀರನದು ಮಾತು ಕಡಿಮೆ. ಎಷ್ಟೋ ಸಂಜೆ ನನ್ನ ಮೇಲೆ ಬೋರಲು ಮಲಗಿ ಅಳುತ್ತಿದ್ದ. ಯಾಕೆಂದು ಹಾಸ್ಟೆಲಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಒಂದು ಶನಿವಾರ ನನ್ನನ್ನು ಗ್ರಂಥಾಲಯದ ಹಿಂದಿನ ಬೇವಿನ ಮರದಡಿ ಹಾಸಿ, ಗೆಳತಿ ಶಾಹಿದಾಳನ್ನು ಕರೆದು ಕೂರಿಸಿದ. "ನಾ ಗಂಡಸರನ್ನ ಪ್ರೀತಿ ಮಾಡಾಂವ" ಎಂದ.

ಶಾಹಿದಾ ಮಂಡಕ್ಕಿ ಗಿರ್ಮಿಟ್ ಮೆಲ್ಲುತ್ತಲೇ ಇದ್ದಳು. "ಇಷ್ಟ ಏನು? ನಾ ಹೆಂಗಸರನ್ನ. ತಗೋ, ತಿನ್ನು, ಮೆತ್ತಗಾಗ್ತದ."

ಅವನು ಅಷ್ಟು ಜೋರಾಗಿ ನಕ್ಕದ್ದನ್ನು ನಾನು ಅಂದೇ ಮೊದಲು ಕೇಳಿದ್ದು.

ಆಮೇಲೆ ಪ್ರತಿ ಶನಿವಾರ ನನ್ನನ್ನು ಹಾಸಿದರು. ಸುದ್ದಿ ಹಬ್ಬಿ ಇನ್ನೂ ನಾಲ್ಕಾರು ಮಂದಿ ಸೇರಿಕೊಂಡರು. ಹುಡುಗನಾಗಿ ಬೆಳೆದು, ಹೆಣ್ಣಾಗಿ ಬಾಳಲು ಹೊರಟಿದ್ದ ತುಂಗಾ ಅವರಲ್ಲೊಬ್ಬಳು. ದಾರಿಯಲ್ಲಿ ಹೋಗುವ ಹುಡುಗರು, "ಜಮಖಾನಿ ಮಂದಿ ನೋಡ್ರಲೇ!" ಎಂದು ಕೂಗುತ್ತಿದ್ದರು. ಮಾತು ವಾರ್ಡನ್ನರ ಕಿವಿಗೂ ಬಿತ್ತು. ಅವರು ಚನ್ನವೀರನನ್ನು ಹಾಸ್ಟೆಲಿನಿಂದ ಹೊರಗೆ ಹಾಕಿದರು. ಹಿಂಬಾಗಿಲಿಂದ ಹೋಗು ಎಂದರೂ ಅವನು ಕೇಳಲಿಲ್ಲ. ನನ್ನನ್ನು ಸುತ್ತಿ ಹೆಗಲ ಮೇಲಿಟ್ಟುಕೊಂಡು, ಎಲ್ಲರೂ ನೋಡುತ್ತಿರುವಾಗ, ನಡುಮಧ್ಯಾಹ್ನದ ಬಿಸಿಲಲ್ಲಿ ಮುಂಬಾಗಿಲಿಂದಲೇ ನಡೆದ. ಊರೊಳಗೆ ಕೋಣೆ ಹಿಡಿದು ಓದು ಮುಗಿಸಿದ. ಕೆಲಸ ಸಿಕ್ಕು ಹೊರಟಾಗ ನನ್ನನ್ನು ಶಾಹಿದಾಳ ಕೈಗೆ ಕೊಟ್ಟು, "ಹಾಸೂದು ಮಾತ್ರ ಬಿಡಬ್ಯಾಡ್ರಿ" ಎಂದ.

ಅವರು ಬಿಡಲಿಲ್ಲ. ಮಳೆಗಾಲದಲ್ಲಿ ಮರದಡಿ ಕೂರಲಾಗದೆ, ಶಾಹಿದಾ ಮತ್ತು ತುಂಗಾ ಕೋಣೆ ಕೇಳಲು ಕುಲಸಚಿವರ ಬಳಿ ಹೋದರು.

"ಇಂಥಾ ಸಂಘಕ್ಕ ಕೋಣಿ ಕೊಡಾಕ ಬರೂದಿಲ್ಲ" ಎಂದರು ಅವರು. "ಹೆಸರರ ಏನಂತ ಇಡ್ತೀರಿ ಇದಕ್ಕ?"

"ಹೆಸರು ನಿಮ್ಮ ಹುಡುಗೂರ ಇಟ್ಟಾರ್ರಿ ಸರ" ಎಂದಳು ತುಂಗಾ. "ಜಮಖಾನೆ ಬಳಗ."

ಹೊರಗೆ ಬಂದವಳೇ ಕುಲಸಚಿವರ ಬಾಗಿಲ ಮುಂದಿನ ಪಡಸಾಲೆಯಲ್ಲಿ ನನ್ನನ್ನು ಹಾಸಿಬಿಟ್ಟಳು. ಸಭೆ ಅಲ್ಲೇ ನಡೆಯಿತು, ಮುಂದಿನ ಶನಿವಾರವೂ, ಅದರ ಮುಂದಿನದೂ. ಕಡತ ಹಿಡಿದು ಬಂದವರು ನನ್ನ ಬದಿಯಿಂದ ಹಾಯ್ದು ಹೋಗಬೇಕಾಯಿತು. ಕೆಲವರು ಚಪ್ಪಲಿ ಕಳಚಿ ಕೂತೇಬಿಟ್ಟರು. ಸಲಿಂಗ ಪ್ರೇಮ ಅಪರಾಧವಲ್ಲವೆಂದು ಸುಪ್ರೀಂ ಕೋರ್ಟು ಹೇಳಿದ ದಿನವಂತೂ ನನ್ನ ಮೇಲೆ ಕಾಲಿಡಲು ಜಾಗವಿರಲಿಲ್ಲ. ಕೆಲವೇ ದಿನಗಳಲ್ಲಿ ಕ್ಯಾಂಟೀನಿನ ಪಕ್ಕದ ಹಳೇ ಉಗ್ರಾಣದ ಬೀಗದಕೈ ತುಂಗಾಳ ಕೈಸೇರಿತು.

ಈಗ ನನಗೆ ವಯಸ್ಸಾಗಿದೆ. ಅಂಚು ಬಿಚ್ಚಿಕೊಂಡಿದೆ, ಒಂದು ನವಿಲಿನ ಕತ್ತು ಚಹಾದ ಕಲೆಯಲ್ಲಿ ಮುಳುಗಿದೆ. ಕೋಣೆಗೆ ಕುರ್ಚಿಗಳು ಬಂದ ಮೇಲೆ ಮೂಲೆಯಲ್ಲಿ ಸುತ್ತಿಕೊಂಡು ಬಿದ್ದಿದ್ದೆ.

ಮೊನ್ನೆ ಮುಧೋಳದ ಕಡೆಯಿಂದ ಒಬ್ಬ ತಾಯಿ ಬಂದಳು. ಬುತ್ತಿಗಂಟು ಹಿಡಿದು ಬಾಗಿಲಲ್ಲೇ ನಿಂತು, "ನಮ್ಮ ಕಸ್ತೂರಿ ಮದಿವಿ ಒಲ್ಲೆ ಅಂತಾಳ. ಗೆಳತಿ ಕೂಡ ಇರ್ತೀನಿ ಅಂತಾಳ. ಕರಕೊಂಡು ಹೋಗಾಕ ಬಂದೀನಿ" ಎಂದಳು. ಬಳಗದವರ ನಡುವಿದ್ದ ಕಸ್ತೂರಿ ಗೋಡೆಗೆ ಅಂಟಿ ನಿಂತಳು. ಈಗ ಇದೇ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುವ ತುಂಗಾ ಕುರ್ಚಿ ಸರಿಸಿದಳು.

"ಕುರ್ಚಿ ಬ್ಯಾಡವ್ವಾ, ಅದನ್ನ ಹಾಸು" ಎಂದು ಆ ತಾಯಿ ನನ್ನತ್ತ ಕೈಮಾಡಿದಳು.

ಆಕೆ ಬುತ್ತಿಗಂಟನ್ನು ಮಡಿಲಲ್ಲಿಟ್ಟುಕೊಂಡು ನನ್ನ ಮೇಲೆ ಕೂತಳು. ತುಂಗಾ ಎದುರು ಕೂತು, ತನ್ನ ಅವ್ವ ತನ್ನನ್ನು ಹೊರಗೆ ಹಾಕಿದ್ದನ್ನು ಹೇಳಿದಳು, ವರ್ಷಗಳಾದ ಮೇಲೆ ಆಕೆಯೇ ಹುಡುಕಿಕೊಂಡು ಬಂದದ್ದನ್ನೂ ಹೇಳಿದಳು. ಆ ತಾಯಿ ಕೇಳುತ್ತಲೇ ನನ್ನ ಮೇಲಿನ ಚಹಾದ ಕಲೆಯನ್ನು ಹೆಬ್ಬೆರಳಿನಿಂದ ತಿಕ್ಕಿದಳು. ಆಮೇಲೆ ಬುತ್ತಿ ಬಿಚ್ಚಿದಳು.

"ಕಸ್ತೂರಿ, ಬಾ ಇಲ್ಲಿ. ಆ ನಿನ್ನ ಗೆಳತಿನ್ನೂ ಕರಿ. ಮದ್ಲ ಉಣ್ಣೂಣು."

ಆ ರೊಟ್ಟಿಯ ಚೂರುಗಳು ಇನ್ನೂ ನನ್ನ ಎಳೆಗಳ ನಡುವೆ ಇವೆ. ಯಾರಾದರೂ ನನ್ನನ್ನು ಕೊಡವಲು ಎತ್ತಿದರೆ, ಇಷ್ಟು ಬೇಗ ಬೇಡ ಅನ್ನಿಸುತ್ತದೆ.