ಮೆಷಿನ್ ಓಡುವವರೆಗೂ

ಕಂಪ್ಯೂಟರ್ ಕೆಟ್ಟಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಿಧಾನವಾಗಿತ್ತು, ಅಷ್ಟೇ. ಬೆಳಿಗ್ಗೆ ಅದರ ಗುಂಡಿ ಒತ್ತಿ, ಶೆಡ್ಡಿನ ಕಸ ಗುಡಿಸಿ, ದೇವರ ಪಟಕ್ಕೆ ಊದುಬತ್ತಿ ಹಚ್ಚಿ ಬರುವಷ್ಟರಲ್ಲಿ ಎದ್ದು ಕೂತಿರುತ್ತಿತ್ತು. ನನಗೇನೂ ಅವಸರವಿರಲಿಲ್ಲ. ಅವಸರ ಇದ್ದದ್ದು ನಮ್ಮ ಅಣ್ಣನಿಗೆ.

"ಎಷ್ಟು ಹಳೇದಾಯ್ತು ಕಣಮ್ಮ ಅದು," ಎಂದ ಒಂದು ದಿನ ಬಾಗಿಲಲ್ಲಿ ನಿಂತು. "ಭಾನುವಾರ ಸಿದ್ದು ಮನೇಲೇ ಇರ್ತಾನೆ. ಕಳಿಸ್ತೀನಿ, ಹೊಸ ವಿಂಡೋಸ್ ಹಾಕ್ಕೊಡ್ತಾನೆ. ನಿಂಗೂ ಕೆಲಸ ಬೇಗ ಬೇಗ ಆಗುತ್ತೆ."

ಅಪ್ಪ ಹೋದ ಮೇಲೆ ಮುರಳಿ ಅಣ್ಣ ನನ್ನ ಕೆಲಸದ ಬಗ್ಗೆ ಒಳ್ಳೆಯ ಮಾತಾಡಿದ್ದು ಅದೇ ಮೊದಲು. ನನಗೆ ಒಳಗೊಳಗೇ ಖುಷಿಯಾಯಿತು. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ನಮ್ಮದು ಪೀಣ್ಯಕ್ಕೆ ಫ್ಯಾಕ್ಟರಿಗಳು ಬರುವ ಮುಂಚಿನಿಂದ ಇಲ್ಲೇ ಇದ್ದ ಮನೆತನ. ರಾಗಿ ಹೊಲದಲ್ಲಿ ಕೊನೆಗೆ ಉಳಿದ ತುಂಡಿನ ಮೇಲೆ ಅಪ್ಪ ವೆಂಕಟರಮಣಪ್ಪ ಸಾಲಾಗಿ ಶೆಡ್ ಕಟ್ಟಿಸಿ ಬಾಡಿಗೆಗೆ ಬಿಟ್ಟರು. ನಾಲ್ಕನೆಯದನ್ನು ಮಾತ್ರ ತಮಗೆ ಇಟ್ಟುಕೊಂಡು, ಯಾವುದೋ ದೇಶದಿಂದ ಹಡಗಿನಲ್ಲಿ ಬಂದ ಸೆಕೆಂಡ್ ಹ್ಯಾಂಡ್ ಮೆಷಿನ್ ಒಂದನ್ನು ತಂದು ಕೂರಿಸಿದರು. ಕಂಪ್ಯೂಟರ್ ಹೇಳಿದಂತೆ ಲೋಹದ ತಗಡಿನ ಮೇಲೆ ಅಕ್ಷರ ಕೊರೆಯುವ ಮೆಷಿನ್. ಮೋಟರು, ಪಂಪುಗಳ ಮೈಮೇಲೆ ಕಂಪನಿಯ ಹೆಸರು, ವಿಳಾಸ ಇರುವ ಪುಟ್ಟ ಫಲಕ ಇರುತ್ತದಲ್ಲ, ಅದು ನಮ್ಮ ಕೆಲಸ. ಗಂಡನ ಮನೆ ಬಿಟ್ಟು ಬಂದ ವರ್ಷ ನಾನು ಅದರ ಮುಂದೆ ಕೂತವಳು ಇನ್ನೂ ಎದ್ದಿಲ್ಲ.

ಅಪ್ಪ ಹೋದಾಗ ನನ್ನ ಪಾಲಿನ ಹಕ್ಕು ಬಿಟ್ಟೆನೆಂದು ಸಹಿ ಹಾಕಿಸಿಕೊಂಡರು. ಅರಿಶಿನ ಕುಂಕುಮಕ್ಕೆ ಅಂತ ಒಂದು ರೇಷ್ಮೆ ಸೀರೆ ಕೊಟ್ಟರು. ಶೆಡ್ಡುಗಳೆಲ್ಲ ಅಣ್ಣನಿಗೆ, ಮೆಷಿನ್ ನನಗೆ. "ಮೆಷಿನ್ ತಗೊಂಡು ಬೀದೀಲಿ ಇಟ್ಕೊಳ್ಳಾ?" ಎಂದು ನಾನು ಕೇಳಿಯೇಬಿಟ್ಟೆ. ಆಗ ಅಣ್ಣ ಹಿರಿಯರೆಲ್ಲರ ಮುಂದೆ ಎದೆ ಮುಟ್ಟಿಕೊಂಡು ಹೇಳಿದ: "ಮೆಷಿನ್ ಓಡೋವರ್ಗೂ ನಾಲ್ಕನೇ ಶೆಡ್ ವೇಣಿದು. ಬಾಡಿಗೆ ಗೀಡಿಗೆ ಅಂತ ನಾನು ಬಾಯಿ ತೆಗ್ಯಲ್ಲ." ಹಿರಿಯರು ತಲೆದೂಗಿದರು. ನಾನೂ ಕಣ್ಣೊರೆಸಿಕೊಂಡು ಸಹಿ ಹಾಕಿದೆ.

ಭಾನುವಾರ ಸಿದ್ದು ಬಂದ. ಅಣ್ಣನ ಮಗ ಸಿದ್ಧಾರ್ಥ್. ವೈಟ್‌ಫೀಲ್ಡ್‌ನಲ್ಲಿ ಕೆಲಸ, ಒಳ್ಳೆಯ ಹುಡುಗ. ಈಗಲೂ ಒಳ್ಳೆಯ ಹುಡುಗ ಎಂದೇ ಹೇಳುತ್ತೇನೆ, ಬೆನ್ನುಮೂಳೆ ಒಂದು ಸ್ವಲ್ಪ ಕಡಿಮೆ. ನನ್ನ ಡಿಸೈನ್ ಫೈಲುಗಳನ್ನೆಲ್ಲ ಪೆನ್ ಡ್ರೈವಿಗೆ ಹಾಕಿಕೊಂಡ, ಕಂಪ್ಯೂಟರಿನಲ್ಲಿದ್ದದ್ದನ್ನೆಲ್ಲ ಅಳಿಸಿದ, ಹೊಸದನ್ನು ಹಾಕಿದ. ಮಧ್ಯಾಹ್ನದ ಊಟದ ಹೊತ್ತಿಗೆ ಪರದೆಯ ಮೇಲೆ ನೀಲಿ ಚಿತ್ರ ಬಂತು. ಗುಂಡಿ ಒತ್ತಿ ಕಣ್ಣು ಮಿಟುಕಿಸುವಷ್ಟರಲ್ಲಿ ಏಳುತ್ತಿತ್ತು. ಮೆಷಿನ್ ಮಾತ್ರ ಅಲುಗಲಿಲ್ಲ.

ಸಿದ್ದು ಪರದೆಯಲ್ಲಿ ಏನೇನೋ ತೆರೆದು ಒಂದು ಹೆಸರಿನ ಮೇಲೆ ಬೆರಳಿಟ್ಟು ತೋರಿಸಿದ. ಅದರ ಪಕ್ಕದಲ್ಲಿ ಹಳದಿ ಗುರುತು.

"ಕಂಪ್ಯೂಟರ್ ಒಳಗೊಂದು ಕಾರ್ಡ್ ಇದೆ ಅತ್ತೆ. ಮೆಷಿನ್‌ನ ಓಡ್ಸೋದು ಅದೇ. ಅದು ಯಾವ ಕಾರ್ಡು ಅಂತ ವಿಂಡೋಸ್‌ಗೆ ಗೊತ್ತಾಗ್ತಿಲ್ಲ. ಅದನ್ನ ತಿಳಿಸ್ಕೊಡೋ ಸಾಫ್ಟ್‌ವೇರ್ ಬೇಕು. ಡ್ರೈವರ್ ಅಂತಾರೆ."

"ನಿನ್ನೆವರ್ಗೂ ಗೊತ್ತಾಗ್ತಿತ್ತಲ್ಲೋ?"

"ಹಳೇ ವಿಂಡೋಸ್‌ನಲ್ಲಿ ಇತ್ತು. ಅದನ್ನ ಅಳಿಸಿ ತಾನೇ ಹೊಸದು ಹಾಕೋದು." ನನ್ನ ಮುಖ ನೋಡಲಿಲ್ಲ.

ಸಂಜೆಯವರೆಗೂ ಇಂಟರ್ನೆಟ್ಟಿನಲ್ಲಿ ಹುಡುಕಿದ. ಮೆಷಿನ್ ಮಾಡಿದ ಕಂಪನಿ ಎಂದೋ ಬಾಗಿಲು ಹಾಕಿತ್ತು. ನಿಮಗೆ ಬೇಕಾದ ಡ್ರೈವರ್ ಇಲ್ಲಿದೆ ಎಂದು ಹತ್ತಾರು ಕಡೆ ಹಸಿರು ಗುಂಡಿಗಳಿದ್ದವು. ಒತ್ತಿದರೆ ಕಂಪ್ಯೂಟರ್ ಶುಚಿ ಮಾಡಿಕೊಡುತ್ತೇವೆ, ಮದುವೆ ಮಾಡಿಸಿಕೊಡುತ್ತೇವೆ ಎಂಬ ಜಾಹೀರಾತು. "ಸಾರಿ ಅತ್ತೆ," ಎಂದು ಹೇಳಿ ಸಿದ್ದು ಬೈಕ್ ಹತ್ತಿದ.

ಮರುದಿನ ಅಣ್ಣ ಬಂದ. "ಓಡ್ತಾ?" ಎಂದ. ಇಲ್ಲ ಎಂದೆ. "ಛೇ ಛೇ," ಎಂದ. ಆದರೆ ಅವನು ನೋಡುತ್ತಿದ್ದದ್ದು ಕಂಪ್ಯೂಟರನ್ನಲ್ಲ, ಗೋಡೆಯ ಮೇಲಿನ ಕರೆಂಟ್ ಮೀಟರನ್ನು. ಆಮೇಲೆ ತಲೆಯೆತ್ತಿ ಚಾವಣಿಯ ಶೀಟುಗಳನ್ನು ನೋಡಿದ. ಮಳೆಗೆ ಸೋರುತ್ತದೆಂದು ನಾನು ಬಾಯಿ ಬಡಿದುಕೊಂಡಾಗೆಲ್ಲ ತಲೆಯೆತ್ತದ ಮನುಷ್ಯ.

ನನಗೆ ಡಿಸ್ಕ್ ನೆನಪಾಯಿತು. ಮೆಷಿನ್ ಜೊತೆಗೆ ಒಂದು ಸಿ.ಡಿ. ಬಂದಿತ್ತು, ಡ್ರೈವರ್ ಇರಲೇಬೇಕಾದರೆ ಅದರಲ್ಲೇ. ಅಪ್ಪನಿಗೆ ಅದು ಮೆಷಿನ್ನಿನ ಜೀವ. ಪ್ರತಿವರ್ಷ ಆಯುಧಪೂಜೆಗೆ ಸ್ಪ್ಯಾನರು, ಡ್ರಿಲ್ಲುಗಳ ಸಾಲಿನಲ್ಲಿ ಅದನ್ನೂ ಮಣೆಯ ಮೇಲಿಟ್ಟು ಪೂಜೆ ಮಾಡುತ್ತಿದ್ದರು. ಅಪ್ಪ ಹೋದ ಮೇಲೆ ಪೂಜೆಯ ಸಾಮಾನೆಲ್ಲ ಮಗನ ಮನೆಗೆ ಹೋಗಬೇಕು ಎಂದು ಅಣ್ಣ ಅದನ್ನೂ ಒಯ್ದಿದ್ದ.

ಬಾಗಲಗುಂಟೆಯಲ್ಲಿರುವ ಅವನ ಮನೆಗೆ ಹೋದೆ. ಶಾಂತಿ ಅತ್ತಿಗೆ ಒಬ್ಬರೇ ಇದ್ದರು. ಕೇಳಿದ ತಕ್ಷಣ ದೇವರ ಮನೆಗೆ ಹೋಗಿ, ಕಣ್ಣಿಗೊತ್ತಿಕೊಂಡು, ಎರಡೂ ಕೈಯಲ್ಲಿ ತಂದುಕೊಟ್ಟರು.

"ನೋಡು, ಹೆಂಗಿಟ್ಟಿದೀನಿ," ಎಂದರು. "ಮಾವ ಬಳಿದಿದ್ದ ಅರಿಶಿನ ಕುಂಕುಮ ಕಚ್ಕೊಂಡ್ಬಿಟ್ಟಿತ್ತು. ಹಬ್ಬ ಹಬ್ಬಕ್ಕೂ ದೀಪದ ಕಂಬದ ಜೊತೆ ಹುಣಸೆಹಣ್ಣು ಹಾಕಿ ತಿಕ್ತೀನಿ."

ತಿರುಗಿಸಿ ನೋಡಿದೆ. ಹೊಳೆಯುವ ಕಡೆಯೇ ಅದರ ಮುಖ ಎಂದುಕೊಂಡು ಅಪ್ಪ ವರ್ಷಗಟ್ಟಲೆ ಅದಕ್ಕೇ ಕುಂಕುಮ ಇಟ್ಟಿದ್ದರು. ಹೆಸರು ಅಚ್ಚಾಗಿದ್ದ ಕಡೆ ಅವರಿಗೆ ಬೆನ್ನು. ಕಂಪ್ಯೂಟರ್ ಓದುವ ಆ ಹೊಳೆಯುವ ಕಡೆಯನ್ನೇ ಅತ್ತಿಗೆ ತೆಂಗಿನ ನಾರಿನಲ್ಲಿ ತಿಕ್ಕಿ ತಿಕ್ಕಿ ಸೊನ್ನೆ ಸೊನ್ನೆಯಾಗಿ ಗೀರು ಎಬ್ಬಿಸಿದ್ದರು. ಶೆಡ್ಡಿಗೆ ಬಂದು ಹಾಕಿದರೆ ಕಂಪ್ಯೂಟರ್ ಸ್ವಲ್ಪ ಹೊತ್ತು ಕರಕರ ಎಂದು ಹೊರಗೆ ಉಗಿಯಿತು. ಯಾರನ್ನು ಬೈಯುವುದು? ಅಪ್ಪನದು ಭಕ್ತಿ, ಅತ್ತಿಗೆಯದು ಮಡಿ. ನಾನು ಮೆಷಿನ್ನಿಗೆ ತಲೆ ಆನಿಸಿ ಅತ್ತುಬಿಟ್ಟೆ.

ಆ ವಾರದ ಕೊನೆಗೆ ಅಣ್ಣ ಕುರ್ಚಿ ಎಳೆದುಕೊಂಡು ಕೂತ. ಕೂತನೆಂದರೆ ಏನೋ ಇದೆ.

"ನಿಂಗೂ ವಯಸ್ಸಾಯ್ತು ವೇಣಿ. ಇನ್ನು ಎಷ್ಟು ದಿನ ಈ ಧೂಳು ಕುಡೀತೀಯ? ನಮ್ಮನೇಲಿ ಒಂದು ತುತ್ತು ಅನ್ನಕ್ಕೆ ಬರವಾ? ಅತ್ತಿಗೆ ಜೊತೆ ಇದ್ಬಿಡು."

"ಶೆಡ್ ಬಿಡು ಅಂತೀಯಾ?"

"ನಾನೆಲ್ಲಮ್ಮ ಅಂದೆ? ಓಡೋವರ್ಗೂ ನಿಂದು ಅಂದಿದ್ದೆ, ಈಗಲೂ ಅಂತೀನಿ. ತಿಂಗಳ ಕೊನೆವರ್ಗೂ ನೋಡು. ಓಡಿದ್ರೆ ಸರಿ. ಕೊಟ್ಟ ಮಾತಿಗೆ ತಪ್ಪೋ ವಂಶ ಅಲ್ಲ ನಮ್ದು."

ಇಷ್ಟು ಹೇಳಿ ನನ್ನ ತಲೆ ಸವರಿದ. ಆ ಕೈ ಬೆಚ್ಚಗಿತ್ತು. ಅವನ ಮಾತು ನ್ಯಾಯವೇ ಅಲ್ಲವೇ ಎಂದು ನನಗೂ ಅನಿಸಿತು. ಅತ್ತಿಗೆಯ ಅಡುಗೆಮನೆಯ ಮೂಲೆಯಲ್ಲಿ ಕಾಯಿ ತುರಿಯುತ್ತಾ ಕೂತ ನನ್ನನ್ನೇ ಕಲ್ಪಿಸಿಕೊಂಡೆ. ಬಟ್ಟೆ ತೆಗೆದುಕೊಂಡು ಮೆಷಿನ್ನಿನ ಧೂಳು ಒರೆಸಲು ಎದ್ದೆ.

ದಾರಿ ತೋರಿಸಿದ್ದು ಈಶಪ್ಪ. ಕಾರ್ಖಾನೆ ಕಾರ್ಖಾನೆ ಸುತ್ತಿ ನನಗೆ ಫಲಕದ ಆರ್ಡರ್ ತಂದುಕೊಡುವ ಏಜೆಂಟ್ ಆತ. ಸಿದ್ದು ಬರುವುದಕ್ಕೆ ಎರಡು ವಾರ ಮೊದಲೇ ಹೊಸದೊಂದು ಆರ್ಡರಿನ ಡಿಸೈನ್ ಕೊಟ್ಟುಹೋಗಿದ್ದ. ಅದೇನಾಯಿತೆಂದು ವಿಚಾರಿಸಲು ಸ್ಕೂಟರಿನಲ್ಲಿ ಬಂದವನು ನನ್ನ ಕಥೆಯೆಲ್ಲ ಕೇಳಿ, "ಅಯ್ಯೋ, ಇಷ್ಟೇನಾ ಅಕ್ಕ?" ಎಂದ. "ರಾಜಗೋಪಾಲನಗರದ ಗೋಪಾಲಪ್ಪನ ಹತ್ರ ಇದೇ ಮೆಷಿನ್ ಐತೆ. ನಿಮ್ಮಪ್ಪಂದೂ ಅವರ್ದೂ ಒಂದೇ ಹಡಗಲ್ಲಿ ಬಂದಿದ್ವು."

ಆಗಲೇ ಸ್ಕೂಟರಿನ ಹಿಂದೆ ಕೂತು ಹೋದೆ. ಗೋಪಾಲಪ್ಪನವರ ಡಿಸ್ಕ್ ಟೂಲ್ಸ್ ಡ್ರಾಯರಿನಲ್ಲಿ ಗ್ರೀಸ್ ಡಬ್ಬದ ಕೆಳಗೆ, ಪ್ಲಾಸ್ಟಿಕ್ ಕವರಿನಲ್ಲಿ ಇತ್ತು. ಯಾವ ದೇವರೂ ಅದನ್ನು ನೋಡಿರಲಿಲ್ಲ. ಈ ಡ್ರೈವರ್ ಹೊಸ ವಿಂಡೋಸಿಗೆ ಒಗ್ಗುವುದಿಲ್ಲ, ಹಳೆಯದನ್ನೇ ಹಾಕಬೇಕು ಎಂದು ಅದರ ಡಿಸ್ಕನ್ನೂ ಕೊಟ್ಟರು. "ಫೋನಲ್ಲಿ ಹೇಳ್ಕೊಡ್ತೀನಿ, ನೀವೇ ಹಾಕಿಯಮ್ಮ," ಎಂದರು.

ನಾನೇ ಹಾಕಿದೆ. ಸಿದ್ದು ಹಾಕಿದ್ದನ್ನು ಅಳಿಸುವಾಗ ಎಲ್ಲ ಹೋಗುತ್ತದೆ, ಒಪ್ಪಿಗೆಯೇ ಎಂದು ಪರದೆ ಕೇಳಿತು. ಧಾರಾಳವಾಗಿ ಒಪ್ಪಿಗೆ ಎಂದೆ. ಹಳೆಯ ವಿಂಡೋಸ್ ಎದ್ದಿತು. ಹಳದಿ ಗುರುತು ಇನ್ನೂ ಇತ್ತು. ಅದರ ಮೇಲೆ ಒತ್ತಿ, ಡ್ರೈವರ್ ಈ ಡಿಸ್ಕಿನಲ್ಲಿದೆ ನೋಡು ಎಂದು ದಾರಿ ತೋರಿಸಿದೆ. ಗುರುತು ಮಾಯವಾಯಿತು. ಮೆಷಿನ್ನಿನ ತಲೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹೋಗಿ ತನ್ನ ಜಾಗದಲ್ಲಿ ನಿಂತಿತು. ಒಬ್ಬಳೇ ಇದ್ದೆ, ಆದರೂ ಗಟ್ಟಿಯಾಗಿ ನಕ್ಕುಬಿಟ್ಟೆ.

ಪರೀಕ್ಷೆಗೆಂದು, ಸಿದ್ದು ಬಿಟ್ಟುಹೋದ ಪೆನ್ ಡ್ರೈವಿನಿಂದ ಈಶಪ್ಪನ ಆರ್ಡರನ್ನೇ ಹಾಕಿದೆ. ಇಷ್ಟು ವರ್ಷದಲ್ಲಿ ನನಗೊಂದು ಅಭ್ಯಾಸ ಬಂದಿದೆ: ಡಿಸೈನ್ ನೋಡುವಾಗ ಅಕ್ಷರಗಳ ಅಂತರ, ಆಳ ಮಾತ್ರ ನೋಡುತ್ತೇನೆ, ಏನು ಬರೆದಿದೆ ಎಂದು ಓದುವುದಿಲ್ಲ. ಓದುವುದು ಕೊರೆದ ಮೇಲೆ, ಭೂತಕನ್ನಡಿ ಹಿಡಿದು. ಮೊದಲ ಫಲಕ ಕೈಗೆ ಬಂತು. ಹಿತ್ತಾಳೆಯ ಪುಡಿ ಊದಿ, ಕನ್ನಡಿ ಹಿಡಿದೆ. ಯಾವುದೋ ಪಂಪ್ ಕಂಪನಿ. ಕೆಳಗೆ ವಿಳಾಸ. ಶೆಡ್ ನಂಬರ್ ನಾಲ್ಕು, ವೆಂಕಟರಮಣಪ್ಪ ಕಾಂಪೌಂಡ್, ಪೀಣ್ಯ ಎರಡನೇ ಹಂತ.

ಮತ್ತೊಮ್ಮೆ ಓದಿದೆ. ಅಪ್ಪನ ಹೆಸರು. ನನ್ನ ಶೆಡ್ಡು.

ಈಶಪ್ಪನಿಗೆ ಫೋನ್ ಮಾಡಿದೆ. "ಹೌದಕ್ಕ, ಹೊಸ ಪಾರ್ಟಿ. ಮುಂದಿನ ತಿಂಗಳು ಹೊಸ ಜಾಗಕ್ಕೆ ಶಿಫ್ಟ್ ಆಗ್ತಾರಂತೆ, ಓನರ್ ಹತ್ರ ಮಾತಾಗೈತಂತೆ. ಯಾಕಕ್ಕ? ಇಂಗ್ಲಿಷಲ್ಲಿ ಬರ್ದಿತ್ತು, ನಾನು ಓದ್ಲಿಲ್ಲ."

ಮಾತಾಗಿತ್ತು. ನನ್ನ ಕಂಪ್ಯೂಟರ್ ಚೆನ್ನಾಗಿಯೇ ಇದ್ದಾಗ, ಮೆಷಿನ್ ಓಡುತ್ತಲೇ ಇದ್ದಾಗ ಮಾತಾಗಿತ್ತು. ಸಿದ್ದುವಿಗೂ ಫೋನ್ ಮಾಡಿದೆ.

"ನಿಜ ಹೇಳೋ. ಹೊಸದು ಹಾಕಿದ್ರೆ ಮೆಷಿನ್ ನಿಂತೋಗುತ್ತೆ ಅಂತ ಗೊತ್ತಿತ್ತಾ?"

"ಕಾರ್ಡ್ ಹಳೇದು, ಡ್ರೈವರ್ ಸಿಗದೇ ಇರಬಹುದು ಅಂತ ಅಪ್ಪಂಗೆ ಮೊದ್ಲೇ ಹೇಳಿದ್ದೆ ಅತ್ತೆ."

"ಏನಂದ ನಿಮ್ಮಪ್ಪ?"

"ಪರವಾಗಿಲ್ಲ ಹಾಕು ಅಂದ್ರು. ಅತ್ತೆ, ನಾನು ಹೇಳ್ದೆ ಅಂತ ಹೇಳ್ಬೇಡಿ ಪ್ಲೀಸ್."

ಫೋನ್ ಇಟ್ಟೆ. ಅಣ್ಣ ನೇರವಾಗಿ ಬಂದು ಶೆಡ್ ಬಿಡು ಎಂದಿದ್ದರೆ ಜಗಳವಾಡುತ್ತಿದ್ದೆ, ಕೂಗಾಡುತ್ತಿದ್ದೆ, ಕೊನೆಗೆ ಅಣ್ಣನಲ್ಲವೇ ಎಂದು ಬಿಡುತ್ತಿದ್ದೆನೋ ಏನೋ. ಆದರೆ ಅವನಿಗೆ ಶೆಡ್ಡೂ ಬೇಕಿತ್ತು, ಮಾತಿಗೆ ತಪ್ಪದ ಮನುಷ್ಯ ಎಂಬ ಹೆಸರೂ ಬೇಕಿತ್ತು. ಅದಕ್ಕೆ ನನ್ನ ತಲೆ ಸವರಿದ. ಆ ಕೈ ನೆನಪಾಗಿ ತಲೆಯನ್ನೇ ತೊಳೆದುಕೊಳ್ಳಬೇಕು ಅನಿಸಿತು.

ಸಂಜೆ ಮೆಷಿನ್ನಿನ ಸದ್ದು ಕೇಳಿ ಅಣ್ಣ ಬಾಗಿಲಿಗೆ ಬಂದ. "ಓಡ್ತಿದ್ಯಾ?" ಎಂದ. ನಗಲು ನೋಡಿದ. ಅವನ ಮುಖ ಇಳಿದುಹೋದದ್ದನ್ನು ನಾನು ಕಣ್ಣಾರೆ ಕಂಡೆ. ನಮ್ಮಪ್ಪನ ಹೆಣದ ಮುಂದೆಯೂ ಆ ಮುಖ ಅಷ್ಟು ಇಳಿದಿರಲಿಲ್ಲ.

"ಓಡ್ತಿದೆ ಅಣ್ಣ," ಎಂದು ಫಲಕವನ್ನು ಅವನ ಅಂಗೈಯಲ್ಲಿಟ್ಟೆ. "ನಿನ್ನ ಹೊಸ ಬಾಡಿಗೆದಾರರದು. ತಪ್ಪೇನಾದ್ರೂ ಇದ್ಯಾ ನೋಡು."

ಓದಿದ. ಹೆಬ್ಬೆರಳಿನಿಂದ ಅಪ್ಪನ ಹೆಸರಿನ ಮೇಲೆ ಸವರಿದ. ಏನಾದರೂ ಹೇಳುತ್ತಾನೆಂದು ಕಾದೆ. ಒಂದು ಸುಳ್ಳಾದರೂ ಹೇಳಲಿ ಎಂದು ಕಾದೆ.

"ಅಕ್ಷರ ಚೆನ್ನಾಗಿ ಬಂದಿದೆ," ಎಂದು ಹೇಳಿ, ಫಲಕವನ್ನು ಜೇಬಿಗೆ ಹಾಕಿಕೊಂಡು ಹೋದ.

ಪಂಪಿನವರು ಬೇರೆ ಕಡೆ ಹೋದರಂತೆ. ಅಣ್ಣ ಈಗ ಒಳಗೆ ಬರುವುದಿಲ್ಲ. ದಿನಾ ಬಾಡಿಗೆಯ ಶೆಡ್ಡುಗಳ ಕಡೆ ಹೋಗುವಾಗ ನನ್ನ ಬಾಗಿಲ ಹತ್ತಿರ ಹೆಜ್ಜೆ ನಿಧಾನ ಮಾಡಿ, ಕಿವಿಗೊಟ್ಟು, ಸದ್ದು ಕೇಳಿದ ಮೇಲೆ ಮುಂದೆ ಹೋಗುತ್ತಾನೆ. ಈಚೆಗೆ ಆರ್ಡರುಗಳು ಕಡಿಮೆಯಾಗಿವೆ. ಕೆಲಸವಿಲ್ಲದ ದಿನ ಅವನು ಬರುವ ಹೊತ್ತಿಗೆ ನಾನು ಮೆಷಿನ್ನಿನಲ್ಲಿ ತಗಡೇ ಇಡದೆ, ಬರೀ ಗಾಳಿಯಲ್ಲಿ ಅಕ್ಷರ ಕೊರೆಸುತ್ತಾ ಕೂತಿರುತ್ತೇನೆ.